ದುಃಖದ ಸಾಲು ಅಂತ ತಾಳ ಇಳಿಸಬೇಡಿ

ಸ್ವೀಡನ್ನಿನ ಗಾಯಕಿ ರಾಬಿನ್ ಅವರ ‘ಡ್ಯಾನ್ಸಿಂಗ್ ಆನ್ ಮೈ ಓನ್’ ಧಾಟಿಗೆ ಕನ್ನಡ ಸಾಹಿತ್ಯ ಬರೆದಿದ್ದೀರಿ, ಸಂತೋಷ. ಆದರೆ ನಿಮ್ಮ ಪೋಸ್ಟ್‌ನಲ್ಲಿ ‘ವಿರಹದ ಹಾಡಲ್ವಾ, 70 ಬಿಪಿಎಂಗೆ (ನಿಮಿಷಕ್ಕೆ 70 ಬೀಟ್) ಇಳಿಸಿ ಬರೀ ಗಿಟಾರ್ ಇಟ್ಕೊಂಡು ಹಾಡ್ತೀನಿ’ ಅಂದಿದ್ದೀರಲ್ಲ, ದಯವಿಟ್ಟು ಬೇಡ. ನಾನೂ ಹಿಂದೆ ಹೀಗೇ ಒಂದು ಒಳ್ಳೇ ಹಾಡನ್ನು ಎಳೆದೆಳೆದು ಕೊಂದಿದ್ದೇನೆ.

ಆ ಹಾಡಿನ ಹೆಣ್ಣು ಕ್ಲಬ್ಬಿನ ಮೂಲೆಯಲ್ಲಿ ನಿಂತು, ತನ್ನವನು ಇನ್ನೊಬ್ಬಳ ಜೊತೆ ಇರೋದನ್ನ ನೋಡ್ತಾ ಕುಣೀತಾಳೆ. ತಾಳ ಇಳಿಸಿದರೆ ಅವಳು ಕುಣಿಯೋದೇ ನಿಂತುಹೋಯ್ತು, ಇನ್ನೇನು ಉಳೀತು? ಮೂಲ 117 ಬಿಪಿಎಂನಲ್ಲಿದೆ. ಶುರುವಾಗೋದೇ ಆ ಒರಟು ಸಿಂಥ್ ಬೇಸ್ (ಸಿಂಥಸೈಜರ್‌ನ ತಗ್ಗು ಸ್ವರ) ಮಿಡಿತದಿಂದ. ಮೊದಲು ಬೇಸ್, ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) ಎರಡೇ ಹಾಕಿ, ಅದರ ಮೇಲೆ ಹಾಡಿ. ಗಿಟಾರ್ ಮುಟ್ಟಲೇಬೇಡಿ. ಗಂಟಲಲ್ಲಿ ಅಳು ತರಬೇಡಿ, ಚರಣವನ್ನು ನೇರವಾಗಿ ಹೇಳಿ. ಗುರು ಅಕ್ಷರ ಕಿಕ್ ಮೇಲೆ ಕೂರಲಿ. ‘ಅಲ್ಲಿ’, ‘ಇಂದ’ ಅನ್ನೋ ಪ್ರತ್ಯಯ ಕಿಕ್ ಮೇಲೆ ಬಿದ್ದರೆ ಆ ಸಾಲನ್ನೇ ತಿರುಗಿಸಿ ಬರೀರಿ.

ಬ್ರಿಟನ್ನಿನ ಗಾಯಕ ಕೇಲಮ್ ಸ್ಕಾಟ್ ಇದೇ ಹಾಡನ್ನ ನಿಧಾನಕ್ಕೆ ಹಾಡಿ ಗೆದ್ದಿಲ್ವಾ ಅಂತೀರಿ. ಗೆದ್ದರು, 2016ರಲ್ಲಿ ಬ್ರಿಟನ್ ಪಟ್ಟಿಯ 2ನೇ ಸ್ಥಾನಕ್ಕೆ ಹೋಯ್ತು; ಮೂಲ ಹಾಡು 8ರಲ್ಲೇ ನಿಂತಿತ್ತು. ಅಂಥ ಕಂಠ ಇದ್ದರೆ, ಪಿಯಾನೋ ಇದ್ದರೆ ಮಾಡಿ. ಆದರೂ ನನಗೆ ಮೂಲವೇ ಮೇಲು.

ಬೀಟ್ ನಿಲ್ಲಿಸಲೇಬೇಕು ಅನಿಸಿದರೆ ಒಂದೇ ಕಡೆ ನಿಲ್ಲಿಸಿ. ಸ್ವೀಡನ್ನಿನ ಸಂಗೀತ ನಿರ್ಮಾಪಕ ಕ್ಲೀರಪ್ ಜೊತೆ ರಾಬಿನ್ ಹಾಡಿದ ‘ವಿತ್ ಎವ್ರಿ ಹಾರ್ಟ್‌ಬೀಟ್’ ಕೇಳಿ. ನಡುವೆ ಬೀಟ್ ಬಿಟ್ಟು ಬರೀ ತಂತಿವಾದ್ಯ, ಆಮೇಲೆ ಮತ್ತೆ ಬೀಟ್. 2007ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಅದಕ್ಕೆ.

ಮೈಕಿಗೆ ಶೂರ್ ಎಸ್‌ಎಂ58 ಧಾರಾಳ ಸಾಕು. ಸಣ್ಣ ಸದ್ದನ್ನೂ ಹಿಡಿಯೋ ಕಂಡೆನ್ಸರ್ ಮೈಕ್ ತಂದು ಫ್ಯಾನ್ ಸದ್ದು, ಬೀದಿ ಹಾರ್ನ್ ಎಲ್ಲ ರೆಕಾರ್ಡ್ ಮಾಡ್ಕೋಬೇಡಿ. ರೆಕಾರ್ಡಿಂಗಿಗೆ ರೀಪರ್ ಅನ್ನೋ ಸಾಫ್ಟ್‌ವೇರ್ ಕಲೀರಿ, ಕದ್ದ ಸಾಫ್ಟ್‌ವೇರ್ ಬೇಡ.

ಕೆಳಗೆ ಕಾಮೆಂಟಿನಲ್ಲಿ ಇನ್ನೊಬ್ಬರು ‘ಆಡಿಯೋ ಕಂಪನಿ ಹೇಳಿದಂಗೆ ಸಾಲು ಬದಲಿಸಿಬಿಡಿ, ಅವಕಾಶ ಮತ್ತೆ ಸಿಗಲ್ಲ’ ಅಂದಿದ್ದಾರೆ. ಇಂಥ ಸಲಹೆ ಕೊಡಬೇಡ್ರಪ್ಪ. ರಾಬಿನ್ 1995ರಲ್ಲಿ, ಹದಿಹರೆಯದಲ್ಲೇ ಮೊದಲ ಆಲ್ಬಮ್ ತಂದವರು. ಗೀತರಚನೆಕಾರ ಮ್ಯಾಕ್ಸ್ ಮಾರ್ಟಿನ್ ಜೊತೆ ಬರೆದ ‘ಶೋ ಮಿ ಲವ್’ 1997ರಲ್ಲಿ ಅಮೆರಿಕದ ಪಟ್ಟಿಯ 7ನೇ ಸ್ಥಾನ ಮುಟ್ಟಿತ್ತು. ಎರಡನೇ ಆಲ್ಬಮ್ ‘ಮೈ ಟ್ರೂತ್’ನಲ್ಲಿ ತಮ್ಮ ಗರ್ಭಪಾತದ ಬಗ್ಗೆ ಬರೆದರು. ಅಮೆರಿಕದ ಕಂಪನಿ ಬದಲಿಸಿ ಅಂದಾಗ ಒಪ್ಪಲಿಲ್ಲ. ಅದು ಅಲ್ಲಿ ಬಿಡುಗಡೆಯೇ ಆಗಲಿಲ್ಲ. 2005ರಲ್ಲಿ ಕೊನಿಚಿವಾ ರೆಕಾರ್ಡ್ಸ್ ಅಂತ ಸ್ವಂತ ಕಂಪನಿ ಕಟ್ಟಿದರು. ನೀವು ಹಾಡ್ತಿರೋ ಈ ಹಾಡು ಬಂದದ್ದು ಆ ಕಂಪನಿಯಿಂದಲೇ. ಹಾಗಂತ ನಾಳೆಯೇ ಒಪ್ಪಂದ ಹರಿದುಹಾಕಬೇಡಿ. ಅವರ ಹಿಂದೆ ಹತ್ತು ವರ್ಷದ ಹೆಸರಿತ್ತು. ಸಹಿಗೆ ಮುಂಚೆ ಮಾಸ್ಟರ್ ಹಕ್ಕು (ಮೂಲ ರೆಕಾರ್ಡಿಂಗಿನ ಒಡೆತನ) ಯಾರದ್ದು, ಎಷ್ಟು ವರ್ಷಕ್ಕೆ ಅಂತ ವಕೀಲರಿಂದ ಓದಿಸಿ.

ಸ್ವಂತ ಹಾಡು ಬಿಡೋರು 12 ಹಾಡು ಕೂಡಿಬರಲಿ ಅಂತ ಕಾಯಬೇಡಿ. 2010ರಲ್ಲಿ ‘ಬಾಡಿ ಟಾಕ್’ ಆಲ್ಬಮ್ಮನ್ನು ರಾಬಿನ್ ಮೂರು ಕಂತಲ್ಲಿ ತಂದರು, ಆಯಾ ಹಾಡು ಬಿಸಿಬಿಸಿ ಇರುವಾಗಲೇ.

ನಿಮ್ಮದು ಅನುವಾದ, ಹಾಗಾಗಿ ಯೂಟ್ಯೂಬಿಗೆ ಏರಿಸೋ ಮೊದಲು ಮೂಲ ಹಕ್ಕುದಾರರ ಒಪ್ಪಿಗೆ ಬೇಕು. ‘ಕವರ್’ ಅಂತ ಬರೆದರೆ ಮುಗೀಲಿಲ್ಲ. ಅಲ್ಲಿವರೆಗೆ ಮನೇಲಿ 117ರಲ್ಲೇ ಅಭ್ಯಾಸ ಮಾಡಿ. ಉಸಿರು ಸಾಲದಿದ್ದರೆ ಪದ ಕಡಿಮೆ ಮಾಡಿ, ತಾಳ ಅಲ್ಲ.