ಎಡಿನ್‌ಬರೋಗೆ ಬರುವ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಂಗಳೂರಿನ ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಚರ್ಚು) ಮನೆಯವನು, ಚಿಕ್ಕಂದಿನಿಂದ ಕ್ವಾಯರ್‌ನಲ್ಲಿ ಹಾಡಿದವನು. ಗೇ ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ. ಸೆಪ್ಟೆಂಬರಿನಲ್ಲಿ ಎಡಿನ್‌ಬರೋಗೆ ಓದಲು ಬರುತ್ತಿದ್ದೀಯ. 'ಅಲ್ಲಿ ಚರ್ಚಿಗೆ ಹೋಗಬಹುದಾ ಅಕ್ಕಾ, ಇಲ್ಲ ಅದನ್ನೂ ಬಿಡಬೇಕಾ?' ಅಂತ ಕೇಳಿದ್ದೀಯ.

ಬಿಡಬೇಡ. ಇಲ್ಲಿಗೆ ನಾನು ಬಂದ ಹೊಸತರಲ್ಲಾದರೆ ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. 2009ರಲ್ಲಿ ಅಬರ್ಡೀನಿನ ಒಂದು ಚರ್ಚಿನ ಸಭೆ ಸ್ಕಾಟ್ ರೆನ್ನಿ ಎಂಬ ಗೇ ಸಭಾಪಾಲಕರನ್ನು (ಪಾಸ್ಟರ್) ಆರಿಸಿದಾಗ ದೊಡ್ಡ ಗಲಾಟೆಯೇ ಆಯಿತು. ಕೊನೆಗೆ ಇಲ್ಲಿನ ರಾಷ್ಟ್ರೀಯ ಪ್ರೊಟೆಸ್ಟೆಂಟ್ ಚರ್ಚಾದ ಚರ್ಚ್ ಆಫ್ ಸ್ಕಾಟ್ಲೆಂಡ್‌ನ ಮಹಾಸಭೆ 326ಕ್ಕೆ 267 ಮತಗಳಿಂದ ಅವರ ಪರ ನಿಂತಿತು. 2022ರಲ್ಲಿ ಸಲಿಂಗಿಗಳ ಮದುವೆ ಮಾಡಿಸಲೂ ಒಪ್ಪಿತು. ಆದರೆ ಇಷ್ಟವಿದ್ದ ಸಭಾಪಾಲಕರು ಮಾತ್ರ. ಹಾಗಾಗಿ ಎಲ್ಲ ಸಭೆಯೂ ಒಂದೇ ತರ ಇರೋದಿಲ್ಲ. ಮೊದಲೇ ಒಂದು ಮೇಲ್ ಹಾಕಿ ನೇರವಾಗಿ ಕೇಳು.

ಸ್ಕಾಟ್ಲೆಂಡಿನವರಿಗೆ ಇದು ಸುಮ್ನೆ ಚರ್ಚಿನ ಜಗಳ ಆಗಿರಲಿಲ್ಲ. 1707ರಲ್ಲಿ ಇಂಗ್ಲೆಂಡಿನ ಜೊತೆ ಸೇರಿ ತಮ್ಮ ಪಾರ್ಲಿಮೆಂಟ್ ಹೋದ ಮೇಲೆ, ತಮ್ಮದು ಅಂತ ಉಳಿದದ್ದು ಚರ್ಚು, ಕಾನೂನು, ಶಾಲೆ. ಚರ್ಚಿನೊಳಗೆ ಯಾರಿಗೆ ಜಾಗ ಅಂದರೆ, ಸ್ಕಾಟಿಷ್ ಅನ್ನಿಸಿಕೊಳ್ಳೋರು ಯಾರು ಅಂತಲೇ ಅರ್ಥ. ಕಾನೂನು ಬೇರೆ ಇದ್ದದ್ದರಿಂದಲೇ ಗಂಡಸರ ನಡುವಿನ ಸಂಬಂಧ ಅಪರಾಧವಲ್ಲ ಅಂತ ಇಂಗ್ಲೆಂಡಿನಲ್ಲಿ 1967ರಲ್ಲಿ ಆದ ಬದಲಾವಣೆ ಇಲ್ಲಿಗೆ ಬರಲು 1980ರ ಕಾಯ್ದೆ ಬೇಕಾಯಿತು. ಈಗ ನೋಡಿದರೆ, 2022ರ ಜನಗಣತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಯಾವ ಧರ್ಮವೂ ಇಲ್ಲ ಅಂದಿದ್ದಾರೆ. ನೀನು ಗೇ ಅನ್ನೋದಕ್ಕಿಂತ ಭಾನುವಾರ ಆರಾಧನೆಗೆ ಹೋಗ್ತೀಯ ಅನ್ನೋದೇ ಕ್ಲಾಸಿನವರಿಗೆ ಹೊಸದಾಗಿ ಕಾಣಬಹುದು.

ಬಂದ ಮೇಲೆ ನ್ಯೂ ಕಾಲೇಜಿನ ಅಂಗಳಕ್ಕೆ ಹೋಗು, ಅದು ಎಡಿನ್‌ಬರೋ ವಿಶ್ವವಿದ್ಯಾಲಯದ ದೈವಶಾಸ್ತ್ರ ಕಾಲೇಜು. ಸ್ಕಾಟ್ಲೆಂಡಿನ ಪ್ರೊಟೆಸ್ಟೆಂಟ್ ಸುಧಾರಣೆಯ ನಾಯಕ ಜಾನ್ ನಾಕ್ಸ್‌ನ ಪ್ರತಿಮೆ ಕೈ ಎತ್ತಿ ನಿಂತಿದೆ. ಮಹಾಸಭೆಯ ಹಾಲ್ ಇರೋದೂ ಅಲ್ಲೇ. ಆ ಕಾಲೇಜಿನಲ್ಲೇ ದೈವಶಾಸ್ತ್ರಜ್ಞೆ ಮಾರ್ಸೆಲ್ಲಾ ಆಲ್ಥಾಸ್-ರೀಡ್ ಪಾಠ ಮಾಡುತ್ತಿದ್ದರು. ಅರ್ಜೆಂಟೀನಾದಿಂದ ವಲಸೆ ಬಂದವರು, ನಮ್ಮ ಹಾಗೇ. 2000ರಲ್ಲಿ ಬಂದ ಅವರ 'ಇಂಡೀಸೆಂಟ್ ಥಿಯಾಲಜಿ' ಪುಸ್ತಕ ಶುರುವಾಗೋದು ಬ್ಯೂನಸ್ ಐರಿಸ್‌ನ ಬೀದಿಯಲ್ಲಿ ನಿಂಬೆಹಣ್ಣು ಮಾರುವ ಹೆಂಗಸರಿಂದ. ಬಡವರ ಪರ ಮಾತಾಡುವ ದೈವಶಾಸ್ತ್ರ ಆ ಬಡವರ ಮೈಯನ್ನೂ ಆಸೆಯನ್ನೂ ಯಾಕೆ ಮುಚ್ಚಿಡುತ್ತದೆ ಅಂತ ಅವರು ಕೇಳಿದರು. ಆ ಪ್ರಶ್ನೆ ನನ್ನನ್ನು ಎಷ್ಟೋ ರಾತ್ರಿ ಕಾಪಾಡಿದೆ. ದೇವರ ಮುಂದೆ ಹೋಗುವಾಗ ನನ್ನ ಅರ್ಧವನ್ನು ಬಾಗಿಲಲ್ಲಿ ಬಿಡಬೇಕಿಲ್ಲ ಅಂತ ಅಲ್ಲಿಂದಲೇ ಗೊತ್ತಾಯಿತು. 2009ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ರೆನ್ನಿ ಅವರ ಪರ ಮಹಾಸಭೆ ಮತ ಹಾಕಿದ್ದು ಮೇ ತಿಂಗಳಲ್ಲಿ, ಅದನ್ನು ನೋಡಲು ಮಾರ್ಸೆಲ್ಲಾ ಇರಲಿಲ್ಲ.

ಮನೆಯಲ್ಲಿ ಯಾವಾಗ ಹೇಳಬೇಕು ಅನ್ನೋದು ನಿನಗೇ ಬಿಟ್ಟದ್ದು, ಆತುರ ಬೇಡ. ಆ ಅಂಗಳಕ್ಕೆ ಹೋಗುವ ದಿನ ತಿಳಿಸು, ನಾನೂ ಬರುತ್ತೇನೆ.