ಮನೆಯಲ್ಲೇ ಮಾಡಿದ ಮರದ ಶೆಲ್ಫ್ ನಡುವೆ ಬಾಗುವುದೇಕೆ?

ಹಲಗೆಯ ದಪ್ಪಕ್ಕೆ ಹೋಲಿಸಿದರೆ ಆಧಾರಗಳ ನಡುವಿನ ಅಂತರ ಹೆಚ್ಚಾಗಿರುವುದೇ ಮುಖ್ಯ ಕಾರಣ, ಮರವನ್ನು ದೂರಬೇಡಿ. ಉದ್ದಕ್ಕೂ ಪುಸ್ತಕ ತುಂಬಿದ ಹಲಗೆಯಲ್ಲಿ ಈ ಅಂತರ ಎರಡು ಪಟ್ಟಾದರೆ ಬಾಗು 16 ಪಟ್ಟಾಗುತ್ತದೆ. ಅದೇ, ಹಲಗೆಯ ದಪ್ಪ ಎರಡು ಪಟ್ಟಾದರೆ ಬಾಗು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಬಾಗದಂತೆ ತಡೆಯುವುದು ಹಲಗೆಯ ಅಗಲಕ್ಕಿಂತ ಹೆಚ್ಚಾಗಿ ಅದರ ದಪ್ಪ.

ಹಾಗೆಂದು ದಪ್ಪ ಹಲಗೆಯನ್ನೇ ಕೊಳ್ಳಬೇಕಿಲ್ಲ. ಮುಂದಿನ ಅಂಚಿನ ಕೆಳಗೆ 4 ಸೆಂ.ಮೀ. ಅಗಲದ ಮರದ ಪಟ್ಟಿಯೊಂದನ್ನು ಮಲಗಿಸದೆ, ನಿಲ್ಲಿಸಿ, ಅಂಟು ಹಚ್ಚಿ ಸ್ಕ್ರೂ ಬಿಗಿಯಿರಿ. ನನಗೆ ಇದಕ್ಕಿಂತ ಒಳ್ಳೆಯ ಸುಲಭ ಉಪಾಯ ಕಂಡಿಲ್ಲ. 18 ಮಿ.ಮೀ. ಹಲಗೆಗಾದರೆ 60 ಸೆಂ.ಮೀ.ಗೆ ಒಂದು ಆಧಾರವಿರಲಿ. ಮೊದಲ ದಿನ ನೆಟ್ಟಗಿದೆಯೆಂದು ನಂಬಬೇಡಿ: ಭಾರ ಹೊತ್ತ ಮರ ತಿಂಗಳುಗಟ್ಟಲೆ ನಿಧಾನವಾಗಿ ಇನ್ನಷ್ಟು ಬಾಗುತ್ತದೆ.