ಮೌನಾ ಲೋವಾ ಯಾಕೆ ಚೂಪಾಗಿಲ್ಲ?

ಹವಾಯಿಯಲ್ಲಿರುವ 4,169 ಮೀಟರ್ ಎತ್ತರದ ಜ್ವಾಲಾಮುಖಿ ಮೌನಾ ಲೋವಾ ಫೋಟೋದಲ್ಲಿ ಸುಮ್ನೆ ದಿಬ್ಬದ ಹಾಗೆ ಯಾಕೆ ಕಾಣುತ್ತದೆ ಅಂತ ಕೇಳಿದ್ದೀರಿ. ಕಾರಣ ಅದರ ಲಾವಾ, ಅಂದರೆ ಬಸಾಲ್ಟ್ ಅನ್ನೋ ಕರಗಿದ ಕಲ್ಲು. ಬಸಾಲ್ಟ್‌ನಲ್ಲಿ ಲಾವಾವನ್ನು ಮಂದ ಮಾಡುವ ಸಿಲಿಕಾ ಕಡಿಮೆ, ಹಾಗಾಗಿ ಲಾವಾ ತೆಳ್ಳಗೆ ಬಹಳ ದೂರ ಹರಿಯುತ್ತದೆ. ಗ್ಯಾಸ್ ಸುಲಭವಾಗಿ ಹೊರಗೆ ಹೋಗುವುದರಿಂದ ದೊಡ್ಡ ಸ್ಫೋಟ ಅಪರೂಪ. ಪದರದ ಮೇಲೆ ಪದರ ಕೂತು, ಬೋರಲಾಗಿಟ್ಟ ಗುರಾಣಿಯ ಆಕಾರ ಬಂದಿದೆ.

ಹವಾಯಿಯವರು ಆರಿದ ಲಾವಾಗೆ ಎರಡು ಹೆಸರು ಇಟ್ಟಿದ್ದಾರೆ. ಹಗ್ಗ ಸುತ್ತಿಟ್ಟ ಹಾಗೆ ನುಣುಪಾಗಿದ್ದರೆ ಪಾಹೊಯ್‌ಹೊಯ್. ಕೈ ಕುಯ್ಯುವಷ್ಟು ಮೊನಚಾಗಿದ್ದರೆ ಆಆ. ಎಂಥ ಹೆಸರು ಅಲ್ವಾ!

ಸ್ಫೋಟ ಅಪರೂಪ ಅಂದ ಮಾತ್ರಕ್ಕೆ ಸಾಧು ಬೆಟ್ಟ ಅಲ್ಲ. 1950ರ ಜೂನ್‌ನಲ್ಲಿ ಇಳಿಜಾರಿನ ಬಿರುಕಿನಿಂದ ಹೊರಟ ಲಾವಾ ಮೂರ್ನಾಲ್ಕು ಗಂಟೆಯಲ್ಲೇ ಸಮುದ್ರ ಸೇರಿತ್ತು. 1984ರ ನಂತರ 38 ವರ್ಷ ತೆಪ್ಪಗಿದ್ದು, 2022ರ ನವೆಂಬರ್ 27ರ ರಾತ್ರಿ ಮತ್ತೆ ಉಕ್ಕಿತು.